ಚಿಕ್ಕಪ್ಪನ ಪೆಂಟಿಯಮ್ 4 ಬೋರ್ಡಿಗೆ 17 ಹೊಸ ಕೆಪಾಸಿಟರ್

ಚಿಕ್ಕಪ್ಪಂದು ತಿಪಟೂರಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಶಿವಗಣಾರಾಧನೆ ಪತ್ರಿಕೆ, ಇವೇ ಕೆಲಸ. 2003ರಲ್ಲಿ ತಗೊಂಡ ಪೆಂಟಿಯಮ್ 4 ಕಂಪ್ಯೂಟರು ಇವತ್ತಿಗೂ ಅಲ್ಲೇ ಮೂಲೆ ಟೇಬಲ್ ಮೇಲೆ ಕೂತಿದೆ, ಪಕ್ಕದಲ್ಲಿ ಹೊಸದೊಂದು ಇದ್ರೂ ಕನ್ನಡದ ಕೆಲಸ ಎಲ್ಲಾ ಹಳೇದ್ರಲ್ಲೇ ನಡಿಯೋದು. ಯಾಕಂದ್ರೆ ಅವಾಗ ತಗೊಂಡ ಡಿಟಿಪಿ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ ಒಂದು ಲಾಕ್ ಇದೆ, ಆ ಲಾಕ್ ಇಲ್ದೆ ಅದು ತೆರ್ಕೊಳಲ್ಲ, ಈಗಿನ ಬೋರ್ಡುಗಳಲ್ಲಿ ಆ ಅಗಲದ 25 ಪಿನ್ ಪೋರ್ಟೇ ಇಲ್ಲ. ಫಾಂಟುಗಳೂ ಯೂನಿಕೋಡ್ ಅಲ್ಲ, ಆ ಫೈಲನ್ನ ಬೇರೆ ಕಡೆ ತೆಗೆದ್ರೆ ಅಕ್ಷರದ ಬದಲು ಚಿತ್ರವಿಚಿತ್ರ ಗೆರೆ ಕಾಣುತ್ತೆ. ಇಪ್ಪತ್ತು ವರ್ಷದ ಪೇಜ್‌ಮೇಕರ್ ಫೈಲುಗಳು, ಊರಲ್ಲಿ ಒಂದೊಂದು ಮನೆದು ಮೂರು ಮೂರು ಮದುವೆ ಕಾರ್ಡು ಅದ್ರಲ್ಲೇ ಇದೆ. ಅದಕ್ಕೇ ಇದನ್ನ ಎತ್ತಿ ಗುಜರಿಗೆ ಹಾಕು ಅಂತ ಹೇಳೋದು ನನ್ನ ಬಾಯಲ್ಲಿ ಬರಲ್ಲ.

ದೀಪಾವಳಿ ಆದ್ಮೇಲೆ ಫೋನ್ ಬಂತು. "ಬೆಳಿಗ್ಗೆ ಹೊತ್ತು ಏಳೋದೇ ಇಲ್ಲ ಕಣೋ, ಐದಾರು ಸಲ ಬಟನ್ ಒತ್ಬೇಕು, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ. ಒಂದ್ಸಲ ಎದ್ಮೇಲೆ ಮಧ್ಯಾಹ್ನದ ತನಕ ಏನೂ ತೊಂದ್ರೆ ಇಲ್ಲ." ಈ ಕೊನೇ ಮಾತು ಕೇಳ್ತಿದ್ದ ಹಾಗೇ ನಂಗೆ ಕೆಪಾಸಿಟರ್ ಅಂತ ಅನ್ನಿಸ್ತು, ಅಂದ್ರೆ ಮದರ್‌ಬೋರ್ಡ್ ಮೇಲೆ ಕರೆಂಟನ್ನ ಹಿಡಿದಿಟ್ಟು ಏರಿಳಿತ ಸಮ ಮಾಡೋ ಸಣ್ಣ ಡಬ್ಬಿಗಳು. ಒಳಗಿನ ದ್ರವ ಒಣಗಿದ ಕೆಪಾಸಿಟರು ತಣ್ಣಗಿದ್ದಾಗ ಜಾಸ್ತಿ ಕಾಡುತ್ತೆ, ಸ್ವಲ್ಪ ಬಿಸಿ ಆದ್ರೆ ಅದರ ಒಳಗಿನ ತಡೆ ಇಳಿಯುತ್ತೆ, ಹಂಗಾಗಿ ಐದಾರು ಸಲ ಆನ್ ಆಫ್ ಮಾಡೋದ್ರಲ್ಲೇ ಅದು ಬೆಚ್ಚಗಾಗಿ ಹೆಂಗೋ ಎದ್ಬಿಡುತ್ತೆ. ತಿಪಟೂರಿನ ಚಳಿಗಾಲದ ಬೆಳಿಗ್ಗೆ ಬೇರೆ.

ಶನಿವಾರ ಹೋದೆ. ಮೊದಲು ಮಾಡಿದ್ದು ರಿಪೇರಿ ಅಲ್ಲ, ಹಾರ್ಡ್ ಡಿಸ್ಕ್ ಬಿಚ್ಚಿ ಐಡಿಇ ಟು ಯುಎಸ್‌ಬಿ ಕನ್ವರ್ಟರ್ ಹಾಕಿ 40 ಜಿಬಿ ಡಿಸ್ಕನ್ನ ಪೂರ್ತಿ ಇಮೇಜ್, ಅಂದ್ರೆ ಇಡೀ ಡಿಸ್ಕಿನ ನಕಲು, ತಗೊಂಡೆ. ಇದನ್ನ ಯಾರೂ ತಪ್ಪಿಸ್ಬೇಡಿ. ಬೋರ್ಡ್ ಹೋದ್ರೆ ಇನ್ನೊಂದು ಹುಡುಕ್ಬಹುದು, ಫೈಲ್ ಹೋದ್ರೆ ಎಲ್ಲಿ ಹುಡುಕ್ತೀರ.

ಆಮೇಲೆ ಟಾರ್ಚ್ ಹಿಡ್ಕೊಂಡು ಬೋರ್ಡ್ ನೋಡ್ದೆ. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತಿರೋ ಏಳು ಕೆಪಾಸಿಟರಲ್ಲಿ ಎರಡು ಊದಿತ್ತು, ತಲೆ ಮೇಲೆ ಕತ್ತರಿ ಗುರುತಿನ ಹಾಗೆ ಗೀರಿರ್ತಾರಲ್ಲ ಆ ಗೀರು ಬಿಟ್ಕೊಂಡು ಕಂದು ಬಣ್ಣದ ಹೊಪ್ಪಳೆ ಕಟ್ಟಿತ್ತು. ಇನ್ನು ಮೂರು ಬೇರೆ ಬಣ್ಣದ್ದು, ಕಾಲು ಉದ್ದ ಬಿಟ್ಟು ವಾಲಿಸಿ ಬೆಸುಗೆ ಹಾಕಿದ್ದು, ಮೈ ಮೇಲೆ 85 ಡಿಗ್ರಿ ಅಂತ ಇತ್ತು. ಕೇಳಿದ್ರೆ, ಎರಡು ವರ್ಷದ ಹಿಂದೆ ಇದೇ ತೊಂದ್ರೆ ಬಂದಾಗ ಒಬ್ಬ ಮೆಕ್ಯಾನಿಕ್ಕು "ಕಂಡೆನ್ಸರ್ ಹೋಗಿದೆ" (ಕೆಪಾಸಿಟರಿಗೇ ಹಳೇ ಹೆಸರು) ಅಂತ ಊದಿರೋ ಮೂರನ್ನ ಮಾತ್ರ ಬದಲಾಯಿಸಿದ್ನಂತೆ, ಆರೇಳು ತಿಂಗಳು ನಡೀತಂತೆ. ಉಳಿದೆರಡು ನೋಡಕ್ಕೆ ಚೆನ್ನಾಗಿತ್ತು, ತಲೆ ಚಪ್ಪಟೆ, ಹೊಳಪು ಹಾಗೇ. ಈ ಎರಡರ ಕತೆ ಆಮೇಲೆ ಹೇಳ್ತೀನಿ, ಈ ಲಾಗ್ ಬರಿಯಕ್ಕೆ ಮುಖ್ಯ ಕಾರಣ ಅವೇ.

ರ್‍ಯಾಮ್ ಪಕ್ಕದ ಸಣ್ಣವುಗಳಲ್ಲಿ ಒಂದು ಸ್ವಲ್ಪ ಓರೆ ನಿಂತಿತ್ತು. ತಲೆ ಊದಿರಲಿಲ್ಲ, ಆದ್ರೆ ಕೆಳಗಿನ ರಬ್ಬರ್ ಬುಡ ಹೊರಗೆ ತಳ್ಳಿಕೊಂಡು ಇಡೀ ಡಬ್ಬೀನೇ ಎತ್ತಿತ್ತು. ಎಷ್ಟೋ ಜನ ತಲೆ ಮಾತ್ರ ನೋಡಿ ಬಿಡ್ತಾರೆ, ಬೋರ್ಡನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಅಡ್ಡಡ್ಡ ನೋಡಿದ್ರೆ ಮಾತ್ರ ಇದು ಗೊತ್ತಾಗೋದು.

2000ದ ಆಸುಪಾಸಿನ ಬೋರ್ಡುಗಳಿಗೆ ಇದೊಂದು ಸಾಮೂಹಿಕ ಕಾಯಿಲೆ. ಸುಮಾರು 1999ರಿಂದ 2007ರ ತನಕ ತಯಾರಾದ ಎಷ್ಟೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷ ಎರಡು ವರ್ಷಕ್ಕೇ ಊದಿ ಸೋರಿದ್ವು, 2002-03ರಲ್ಲಿ ಅದು ದೊಡ್ಡ ಸುದ್ದಿ ಆಗಿತ್ತು. ಒಳಗೆ ಅಲ್ಯೂಮಿನಿಯಂ ಹಾಳೆ, ಕಾಗದ ಸುತ್ತಿ ದ್ರವದಲ್ಲಿ ನೆನೆಸಿರ್ತಾರೆ. ಕಮ್ಮಿ ತಡೆ ಬರ್ಲಿ ಅಂತ ಆ ದ್ರವದಲ್ಲಿ ನೀರು ಜಾಸ್ತಿ ಇಡೋ ಪದ್ಧತಿ ಬಂತು, ಆದ್ರೆ ನೀರು ಅಲ್ಯೂಮಿನಿಯಮ್ಮನ್ನ ತಿನ್ನದ ಹಾಗೆ ತಡೆಯೋ ರಾಸಾಯನಿಕ ಸರಿಯಾಗಿ ಇರ್ಬೇಕು. ಅದಿಲ್ಲದೆ ಹೋದ್ರೆ ನೀರು ಲೋಹದ ಜೊತೆ ಸೇರಿ ಹೈಡ್ರೋಜನ್ ಹುಟ್ಟುತ್ತೆ, ಡಬ್ಬಿ ಊದುತ್ತೆ, ಗೀರು ಬಿಡುತ್ತೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಕದ್ದು ಸಾಗಿಸಿದ ಫಾರ್ಮುಲಾ ಅರ್ಧಂಬರ್ಧ ಇತ್ತು ಅನ್ನೋ ಕತೆ ಆವಾಗ ತುಂಬಾ ಓಡಾಡ್ತಿತ್ತು. ಚಿಕ್ಕಪ್ಪನ ಬೋರ್ಡು ಇಷ್ಟು ವರ್ಷ ನಡೆದಿದ್ದೇ ದೊಡ್ಡದು, ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಹಾಕ್ತಿದ್ದಿದ್ದಕ್ಕೆ ಬದುಕಿರ್ಬೇಕು.

ಪ್ರೊಸೆಸರ್ ಪಕ್ಕದವೇ ಯಾಕೆ ಮೊದಲು ಹೋಗುತ್ತೆ ಅಂದ್ರೆ ಅಲ್ಲಿ ಕೆಲಸ ಜಾಸ್ತಿ. ಕಂಪ್ಯೂಟರಿಗೆ ಕರೆಂಟ್ ಕೊಡೋ ಪೆಟ್ಟಿಗೆ, ಎಸ್‌ಎಂಪಿಎಸ್‌ನಿಂದ ನಾಲ್ಕು ಪಿನ್ನಿನ ಕನೆಕ್ಟರಲ್ಲಿ 12 ವೋಲ್ಟ್ ಬರುತ್ತೆ, ಬೋರ್ಡ್ ಅದನ್ನ ಕತ್ತರಿಸಿ ಕತ್ತರಿಸಿ 1.5 ವೋಲ್ಟಿನ ಹತ್ರಕ್ಕೆ ಇಳಿಸುತ್ತೆ. ಈ 2.4 ಗಿಗಾಹರ್ಟ್ಸ್ ಪ್ರೊಸೆಸರು ಸುಮಾರು 60 ವ್ಯಾಟ್ ತಿನ್ನುತ್ತೆ, 1.5 ವೋಲ್ಟಲ್ಲಿ 60 ವ್ಯಾಟ್ ಅಂದ್ರೆ 40 ಆಂಪಿಯರ್, ಆ ಕರೆಂಟಿನ ಏರಿಳಿತ ಎಲ್ಲಾ ಈ ಏಳು ಡಬ್ಬಿಗಳೇ ನುಂಗ್ಕೊಬೇಕು. ಅದಕ್ಕೇ ಇಲ್ಲಿ ಬರೀ ಮೈಕ್ರೋಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಸರಿ ಇದ್ರೆ ಸಾಲಲ್ಲ, ಲೋ ಇಎಸ್ಆರ್, ಅಂದ್ರೆ ಒಳಗಿನ ತಡೆ ಕಮ್ಮಿ ಇರ್ಬೇಕು, 105 ಡಿಗ್ರಿ ಬಿಸಿ ತಡಿಯೋದು ಇರ್ಬೇಕು. 85 ಡಿಗ್ರಿ ಸಾಮಾನ್ಯ ಕೆಪಾಸಿಟರು ಹಾಕಿದ್ರೆ ಅದು ಬಿಸಿ ಆಗಿ ಆಗಿ ತಾನೇ ಸಾಯುತ್ತೆ. ಆ ಮೂರರ ಗತಿ ಅದೇ ಆಗಿತ್ತು.

ಪಟ್ಟಿ ಮಾಡ್ಕೊಂಡೆ. 6.3 ವೋಲ್ಟ್ 3300 ಮೈಕ್ರೋಫ್ಯಾರಡ್ ಏಳು, 12 ವೋಲ್ಟ್ ಒಳಬರೋ ಕಡೆ 16 ವೋಲ್ಟ್ 1500 ನಾಲ್ಕು, ರ್‍ಯಾಮ್ ಮತ್ತು ಎಜಿಪಿ (ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್) ಸುತ್ತ 6.3 ವೋಲ್ಟ್ 1000 ಆರು, ಒಟ್ಟು 17. ದಪ್ಪ, ಎತ್ತರ, ಎರಡು ಕಾಲಿನ ನಡುವಿನ ಅಂತರ ಎಲ್ಲಾ ಸ್ಕೇಲಲ್ಲಿ ಅಳೆದೆ. ದೊಡ್ಡವು 10 ಮಿಲಿಮೀಟರ್ ದಪ್ಪ, ಕಾಲಿನ ಅಂತರ 5. ಸಣ್ಣವು 8 ದಪ್ಪ, ಅಂತರ 3.5. ಪ್ರೊಸೆಸರಿನ ಬಿಸಿ ಎಳೆಯೋ ಹೀಟ್‌ಸಿಂಕಿನ ಕ್ಲಿಪ್ಪಿಗೆ ತಾಗೋ ಜಾಗ ಇದ್ರೆ ಎತ್ತರ ಕೂಡ ಮುಖ್ಯ, ನೋಡ್ದೆ ತಗೊಂಡ್ರೆ ಆಮೇಲೆ ಫ್ಯಾನ್ ಕೂರಲ್ಲ.

ಬೆಂಗಳೂರಿಗೆ ವಾಪಸ್ ಬಂದು ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋದೆ. "3300 ಎಂಎಫ್‌ಡಿ (ಮೈಕ್ರೋಫ್ಯಾರಡ್) ಲೋ ಇಎಸ್ಆರ್" ಅಂತ ಕೇಳಿದ್ರೆ ಒಂದು ಅಂಗಡಿಲಿ ಜಪಾನಿನ ಒಳ್ಳೇ ಹೆಸರು ಬರೆದಿರೋದನ್ನ ಕೊಟ್ರು, ಒಂದಕ್ಕೆ 8 ರೂಪಾಯಿ. ಬೆಲೆ ಕೇಳೇ ಅನುಮಾನ ಬಂತು, ಆದ್ರೂ ಎರಡು ತಗೊಂಡು ಮನೇಲಿ ಕೆಪಾಸಿಟರ್ ಅಳೆಯೋ ಟೆಸ್ಟರಿಗೆ ಹಾಕಿದ್ರೆ ಇಎಸ್ಆರ್ 0.3 ಓಮ್ ತೋರಿಸ್ತು. ಪ್ಲಾಸ್ಟಿಕ್ ಕವಚ ಸುಲಿದು ನೋಡಿದ್ರೆ ಒಳಗೆ ಇನ್ನೊಂದು ಹೆಸರಿನ ಕವಚ. ಎಸ್‌ಪಿ ರೋಡು ನಂಗೆ ತುಂಬಾ ಇಷ್ಟದ ಜಾಗ, ಸೋಲ್ಡರು, ವಿಕ್ಕು (ಸೋಲ್ಡರ್ ಹೀರೋ ತಾಮ್ರದ ಜಾಲರಿ), ಕೇಬಲ್ಲು ಎಲ್ಲಾ ಅಲ್ಲೇ ತಗೊಳೋದು, ಆದ್ರೆ ಈ ಒಂದು ವಸ್ತುನ ಮಾತ್ರ ಕಂಪನಿಯ ಅಧಿಕೃತ ವಿತರಕರ ಹತ್ರಾನೇ ತರಿಸಿ. ನಾನು ಆನ್‌ಲೈನಲ್ಲಿ ತರಿಸ್ದೆ, ಎರಡು ಜಾಸ್ತೀನೇ ಸೇರಿಸಿ, ಕೊರಿಯರ್ ಎಲ್ಲಾ ಸೇರಿ ಸಾವಿರದ ಒಳಗೇ ಆಯ್ತು. ಬಂದಿದ್ದು ಅದೇ ಟೆಸ್ಟರಲ್ಲಿ 0.02 ಓಮ್. ಈಗಿನ ಬೋರ್ಡಲ್ಲಿ ಬರೋ, ಒಳಗೆ ದ್ರವ ಇಲ್ಲದ ಸಾಲಿಡ್ ಕೆಪಾಸಿಟರ್ ಹಾಕ್ಬಹುದಿತ್ತಲ್ಲ ಅಂತ ಕೆಲವರು ಕೇಳ್ತಾರೆ, ಹಾಕಿ ಗೆದ್ದವರೂ ಇದ್ದಾರೆ, ಆದ್ರೆ ಹಳೇ ವೋಲ್ಟೇಜ್ ಸರ್ಕ್ಯೂಟ್‌ಗಳನ್ನ ದ್ರವದ ಕೆಪಾಸಿಟರಿನ ಗುಣ ನೋಡ್ಕೊಂಡು ಹೊಂದಿಸಿರ್ತಾರೆ, ಅದಕ್ಕೇ ಇದ್ದ ಜಾತಿಯದ್ದನ್ನೇ ಹಾಕ್ದೆ.

ಮುಂದಿನ ಶನಿವಾರ ಕೆಲಸ ಶುರು. ಹೀಟ್‌ಸಿಂಕ್ ಬಿಚ್ಚೋ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡ್ಕೊಂಡೆ. ಪ್ರೊಸೆಸರ್ ಕೂರೋ ಈ ಸಾಕೆಟ್ 478ರಲ್ಲಿ ಹಳೇ ಥರ್ಮಲ್ ಪೇಸ್ಟ್ ಗಟ್ಟಿಯಾಗಿ ಅಂಟ್ಕೊಂಡಿರುತ್ತೆ, ನೇರ ಮೇಲಕ್ಕೆ ಎಳೆದ್ರೆ ಲಿವರ್ ಹಾಕಿದ್ದ ಹಾಗೇ ಪ್ರೊಸೆಸರೂ ಕಿತ್ಕೊಂಡು ಬಂದು ಪಿನ್ ಬಗ್ಗುತ್ತೆ. ಬಿಸಿ ಇರೋವಾಗ ಆಫ್ ಮಾಡಿ, ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿ ತೆಗೀಬೇಕು.

ಬೋರ್ಡನ್ನ ಎಲ್ಲಾ ಕೋನದಿಂದ ಫೋಟೋ ತಗೊಂಡೆ. ಕೆಪಾಸಿಟರಿನ ಮೈ ಮೇಲಿನ ಪಟ್ಟೆ ಇರೋದು ಮೈನಸ್, ಅದು ಎಲ್ಲಾ ಕಡೆ ಒಂದೇ. ಆದ್ರೆ ಬೋರ್ಡ್ ಮೇಲೆ ಬಿಡಿಸಿರೋ ಅರ್ಧ ವೃತ್ತದ ಬಣ್ಣ ಕೆಲವರಲ್ಲಿ ಮೈನಸ್ಸು, ಕೆಲವರಲ್ಲಿ ಪ್ಲಸ್ಸು. ಅದನ್ನ ನಂಬ್ಕೊಂಡು ಹಾಕಿ ಉಲ್ಟಾ ಆದ್ರೆ ಕರೆಂಟ್ ಕೊಟ್ಟ ತಕ್ಷಣ ಢಂ ಅನ್ನುತ್ತೆ, ಮುಖ ಹತ್ರ ಇದ್ರೆ ಕಣ್ಣಿಗೇ ಅಪಾಯ. ಫೋಟೋ ನೋಡ್ಕೊಂಡೇ ಹಾಕಿ.

ಕಳಚೋ ವಿಧಾನ ಗೊತ್ತಿರೋದೇ. ಹಿಂದುಗಡೆ ಎರಡೂ ಕಾಲಿಗೆ ಸೋಲ್ಡರಿಂಗ್ ಪೇಸ್ಟ್ (ಫ್ಲಕ್ಸ್) ಸವರಿ, ಹಳೇ ಬೆಸುಗೆ ಮೇಲೆ ಸ್ವಲ್ಪ ಹೊಸ 63/37 (ತವರ-ಸೀಸ) ಸೋಲ್ಡರ್ ಬೆರೆಸ್ಬೇಕು, ಒಂದು ಕಾಲು ಕರಗಿಸಿ ಡಬ್ಬೀನ ಒಂದಿಷ್ಟು ವಾಲಿಸ್ಬೇಕು, ಆಮೇಲೆ ಇನ್ನೊಂದು ಕಾಲು, ಹೀಗೆ ಆ ಕಡೆ ಈ ಕಡೆ ಮಾಡ್ತಾ ಮೂರ್ನಾಲ್ಕು ಸುತ್ತಿಗೆ ಹೊರಗೆ ಬರುತ್ತೆ. ಮನೇಲಿರೋ 25 ವ್ಯಾಟ್ ಐರನ್ ಇದಕ್ಕೆ ಸಾಲಲ್ಲ. ಬೋರ್ಡಿನ ಒಳಗೆ ಗ್ರೌಂಡಿಗೆ ಅಂತಲೇ ಇಡೀ ತಾಮ್ರದ ಹಾಳೆ ಇರುತ್ತೆ, ಮೈನಸ್ ಕಾಲು ಅದಕ್ಕೆ ಸೇರಿರೋದ್ರಿಂದ ಕೊಟ್ಟ ಶಾಖ ಎಲ್ಲಾ ಅದು ಹೀರ್ಕೊಂಡ್ಬಿಡುತ್ತೆ. ನನ್ನತ್ರ ಟೆಂಪರೇಚರ್ ಸೆಟ್ ಮಾಡೋ 60 ವ್ಯಾಟಿಂದು ಇದೆ, ಚಪ್ಪಟೆ ಮೂತಿ ಹಾಕಿ 400ಕ್ಕೆ ಇಟ್ಟೆ. ಜೊತೆಗೆ ಮನೇಲಿದ್ದ ಹೇರ್ ಡ್ರೈಯರಿಂದ ಆ ಭಾಗನ ಐದು ನಿಮಿಷ ಬೆಚ್ಚಗೆ ಮಾಡ್ಕೊಂಡ್ರೆ ಬೆಸುಗೆ ಎಷ್ಟು ಬೇಗ ಕರಗುತ್ತೆ ಅಂದ್ರೆ, ಮೊದಲನೇದಕ್ಕೆ ಇದನ್ನ ಮಾಡ್ದೆ ಒದ್ದಾಡಿದ್ದು ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ನಿಜವಾದ ಕಷ್ಟ ತೂತು ಬಿಡಿಸೋದು. ಪ್ಲಸ್ ತೂತು ಸೋಲ್ಡರ್ ಎಳೆಯೋ ಪಂಪಲ್ಲಿ ಒಂದೇ ಸಲಕ್ಕೆ ಖಾಲಿ ಆಗುತ್ತೆ. ಮೈನಸ್ ತೂತಲ್ಲಿ ಮೇಲುಗಡೆ ಕರಗಿದ್ರೆ ಕೆಳಗಡೆ ಗಟ್ಟಿ, ವಿಕ್ ಇಟ್ರೆ ವಿಕ್ಕೇ ಅಂಟ್ಕೊಳುತ್ತೆ. ಮೂರನೇ ತೂತಲ್ಲಿ ತಾಳ್ಮೆ ಕಳ್ಕೊಂಡು ಸೂಜಿ ಒತ್ತಿಬಿಟ್ಟೆ, ಸುತ್ತಿನ ತಾಮ್ರದ ಉಂಗುರ ಒಂದು ಬದಿ ಎದ್ತು. ಅಲ್ಲಿಗೆ ಐರನ್ ಕೆಳಗಿಟ್ಟು ಹೊರಗೆ ಹೋಗಿ ಕಾಫಿ ಕುಡಿದು ಬಂದೆ. ಬಂದು ಭೂತಗನ್ನಡಿಲಿ ನೋಡಿದ್ರೆ ತೂತಿನ ಒಳಗಿನ ತಾಮ್ರದ ಕೊಳವೆ ಹಾಗೇ ಇತ್ತು, ಗ್ರೌಂಡಿಗೆ ಮೀಟರಲ್ಲಿ ಸಂಪರ್ಕ ತೋರಿಸ್ತು, ಬದುಕಿದೆ ಅನ್ನಿಸ್ತು. ಆಮೇಲೆ ಕಂಡ್ಕೊಂಡಿದ್ದು ಇದು: ತೂತಿಗೆ ಇನ್ನೂ ಸ್ವಲ್ಪ ಹೊಸ ಸೋಲ್ಡರ್ ತುಂಬ್ಬೇಕು, ಕಮ್ಮಿ ಮಾಡೋದಲ್ಲ ಜಾಸ್ತಿ ಮಾಡ್ಬೇಕು, ಬೋರ್ಡನ್ನ ನೆಟ್ಟಗೆ ನಿಲ್ಲಿಸಿ ಒಂದು ಕಡೆಯಿಂದ ಐರನ್, ಇನ್ನೊಂದು ಕಡೆಯಿಂದ ಪಂಪಿನ ಮೂತಿ. ಪೂರ್ತಿ ಕರಗಿ ಹೊಳೆಯೋ ತನಕ ನಾಲ್ಕೈದು ಸೆಕೆಂಡ್ ಕಾಯ್ಬೇಕು, ಆಮೇಲೆ ಪಂಪ್ ಬಿಡ್ಬೇಕು. ಟಕ್ ಅಂತ ಬರುತ್ತೆ, ತೂತಲ್ಲಿ ಆ ಕಡೆ ಬೆಳಕು ಕಾಣುತ್ತೆ. ಹಂಗೂ ಬರದ ಎರಡಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸೂಜಿ ಉಪಯೋಗಿಸ್ದೆ, ಅದಕ್ಕೆ ಸೋಲ್ಡರ್ ಅಂಟಲ್ಲ, ಆದ್ರೆ ಒತ್ತಬಾರದು, ಕರಗಿದಾಗ ಅದೇ ತಾನಾಗಿ ಇಳಿಯೋ ಹಾಗೆ ಬಿಡ್ಬೇಕು.

ಸೋರಿದ ಕಡೆ ಬೋರ್ಡ್ ಮೇಲೆ ಜಿಡ್ಡು ಇತ್ತು, ಬಿಸಿ ಮಾಡಿದಾಗ ಕೊಳೆತ ಮೀನಿನ ಥರ ವಾಸನೆ ಬಂತು. ಅದನ್ನ ಬಿಟ್ರೆ ನಿಧಾನಕ್ಕೆ ತಾಮ್ರದ ಗೆರೆ ತಿನ್ನುತ್ತೆ, ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ತೊಳೆದೆ. ಕಿಟಕಿ ತೆಗೆದಿಟ್ಕೊಂಡೇ ಮಾಡಿ.

ಏಳೂ ದೊಡ್ಡವನ್ನ ಕೂರಿಸಿ, ಕಾಲು ಕತ್ತರಿಸಿ, ಮೀಟರನ್ನ, ಸಂಪರ್ಕ ಇದ್ರೆ ಬೀಪ್ ಅನ್ನೋ ಬಜರಿಗೆ ಇಟ್ಟು ಪ್ಲಸ್ಸಿಗೂ ಮೈನಸ್ಸಿಗೂ ಮುಟ್ಟಿಸಿದ್ರೆ ಬೀಪ್ ಅಂತು. ಎದೆ ಧಸಕ್ ಅಂತು. ಶಾರ್ಟ್ ಆಗಿದೆ, ಎಲ್ಲೋ ಸೋಲ್ಡರ್ ಸೇರ್ಕೊಂಡಿದೆ ಅಂತ ಮುಕ್ಕಾಲು ಗಂಟೆ ಕನ್ನಡಿ ಹಿಡ್ಕೊಂಡು ಒಂದೊಂದೇ ಕಾಲು ನೋಡ್ದೆ, ಏನೂ ಇಲ್ಲ. ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತ್ರು, "ಏನಾಯ್ತೋ?" ಅಂದ್ರು, "ಸ್ವಲ್ಪ ಇರಿ ಚಿಕ್ಕಪ್ಪ" ಅಂದೆ, ಅಷ್ಟೇ ಮಾತು ಬಂದಿದ್ದು. ಆಮೇಲೆ ಹೊಳೀತು, ಪ್ರೊಸೆಸರ್ ಇನ್ನೂ ಸಾಕೆಟಲ್ಲೇ ಇದೆ. 40 ಆಂಪಿಯರ್ ಎಳೆಯೋ ಚಿಪ್ಪಿನ ತಡೆ ಮೀಟರಿನ ಲೆಕ್ಕದಲ್ಲಿ ಒಂದೆರಡು ಓಮ್, ಬಜರಿಗೆ ಅದೂ ಶಾರ್ಟೇ. ಪ್ರೊಸೆಸರ್ ತೆಗೆದಿಟ್ಟು ಓಮ್ಸಲ್ಲಿ ಅಳೆದೆ, ಅಂಕಿ ಸಣ್ಣದ್ರಿಂದ ಶುರುವಾಗಿ ನಿಧಾನಕ್ಕೆ ಹತ್ತುತ್ತಾ ಹೋಯ್ತು. ಹೊಸ ಕೆಪಾಸಿಟರುಗಳು ಮೀಟರಿನ ಬ್ಯಾಟರಿಯಿಂದ ಚಾರ್ಜ್ ಆಗ್ತಿರೋದು ಹಾಗೇ ಕಾಣೋದು. ಬೋರ್ಡ್ ರಿಪೇರಿ ಮಾಡೋರು ಪ್ರೊಸೆಸರ್ ತೆಗೆದೇ ಅಳೀರಿ, ಇಲ್ಲಾಂದ್ರೆ ಸರಿ ಇರೋದನ್ನ ಮತ್ತೆ ಕೀಳೋಕೆ ಹೋಗ್ತೀರ.

ಉಳಿದ ಹತ್ತು ಸಂಜೆ ಒಳಗೆ ಮುಗೀತು. ಎಸ್‌ಎಂಪಿಎಸ್ಸೂ ಅಷ್ಟೇ ಹಳೇದು, ಅದರ ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿನ ಮೇಲೆ ಇರುತ್ತೆ, ಪ್ಲಗ್ ಕಿತ್ತ ಮೇಲೂ ಉಳ್ಕೊಂಡಿರುತ್ತೆ, ಅನುಭವ ಇಲ್ದೆ ಅದನ್ನ ಬಿಚ್ಚೋದು ಬೇಡ. ಹೊಸದನ್ನೇ ಹಾಕ್ದೆ, 24 ಪಿನ್ನಲ್ಲಿ ನಾಲ್ಕು ಬೇರೆ ಮಾಡಿದ್ರೆ ಹಳೇ 20 ಪಿನ್ನಿಗೆ ಕೂರುತ್ತೆ. ಬೋರ್ಡ್ ಮೇಲಿನ ಸಣ್ಣ ಸಿಎಂಓಎಸ್ ಬ್ಯಾಟರಿ, ಥರ್ಮಲ್ ಪೇಸ್ಟು ಕೂಡ ಹೊಸದೇ ಹಾಕ್ದೆ.

ಮೊದಲ ಸಲ ಹಾರ್ಡ್ ಡಿಸ್ಕ್ ಸಿಕ್ಕಿಸದೇನೇ, ದೂರ ನಿಂತು ಆನ್ ಮಾಡ್ದೆ. ಬೀಪ್ ಬಂತು, ಬಯಾಸ್ (ಬೋರ್ಡಿನ ಸೆಟ್ಟಿಂಗ್) ಸ್ಕ್ರೀನ್ ಬಂತು. ಹಾರ್ಡ್‌ವೇರ್ ಮಾನಿಟರಲ್ಲಿ ಪ್ರೊಸೆಸರಿನ ವೋಲ್ಟೇಜು 1.50ರಲ್ಲಿ ನಿಂತಿತ್ತು, ಅತ್ತಿತ್ತ ಅಲ್ಲಾಡಲಿಲ್ಲ. ರ್‍ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಹಾಕಿ ಮಲಗ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಒಂದೂ ತಪ್ಪಿಲ್ಲ. ರಿಪೇರಿಗೆ ಮುಂಚೆ ಅದೇ ಟೆಸ್ಟು ಐದನೇ ನಿಮಿಷಕ್ಕೇ ಕೆಂಪಾಗಿತ್ತು, ಅಂದ್ರೆ ಆವಾಗ ಹೊಸ ರ್‍ಯಾಮ್ ತಂದು ಹಾಕಿದ್ರೆ ದುಡ್ಡು ಹಾಳು.

ಈಗ ಆ ಎರಡರ ವಿಷಯ. ಬೆಳಿಗ್ಗೆ ತಿಂಡಿ ತಿಂದು ಕಿತ್ತ 17ನ್ನೂ ಟೆಸ್ಟರಿಗೆ ಹಾಕ್ದೆ. ಊದಿದ್ದ ಒಂದು 190 ಮೈಕ್ರೋಫ್ಯಾರಡ್. ಇನ್ನೊಂದು 7000ದ ಮೇಲೆ ತೋರಿಸ್ತು, ಅದು ಚೆನ್ನಾಗಿದೆ ಅಂತಲ್ಲ, ಒಳಗೇ ಸೋರಿಕೆ ಇದ್ದು ಟೆಸ್ಟರಿಗೆ ಮೋಸ ಆಗಿರೋದು. ಮೆಕ್ಯಾನಿಕ್ ಹಾಕಿದ್ದ ಮೂರೂ ಇಎಸ್ಆರ್ ಅರ್ಧ ಓಮಿನ ಮೇಲೆ. ತಲೆ ಚಪ್ಪಟೆಯಾಗಿ ಹೊಳೀತಿದ್ದ ಆ ಎರಡು? ಒಂದು 870 ಮೈಕ್ರೋಫ್ಯಾರಡ್, ಇಎಸ್ಆರ್ 1.4 ಓಮ್. ಇನ್ನೊಂದು 1120, ಇಎಸ್ಆರ್ 0.9. 3300 ಇರ್ಬೇಕಾದ್ದು. ಹೊರಗೆ ಒಂದು ಕಲೆ ಇಲ್ಲ. ಎರಡು ವರ್ಷದ ಹಿಂದೆ ಮೂರು ಮಾತ್ರ ಬದಲಾಯಿಸಿದ್ದು ಯಾಕೆ ನಿಲ್ಲಲಿಲ್ಲ ಅಂದ್ರೆ ಇದಕ್ಕೇ, ಪಕ್ಕದವು ಕೆಲಸ ಬಿಟ್ಟು ಕೂತಿದ್ವು, ಹೊರೆ ಎಲ್ಲಾ ಹೊಸದ್ರ ತಲೆ ಮೇಲೆ ಬಿತ್ತು. ಒಂದೇ ಸಾಲಲ್ಲಿ, ಒಂದೇ ಬ್ಯಾಚಿಂದ ಬಂದು ಒಂದೇ ಬಿಸಿ ತಿಂದಿರೋವಾಗ ಒಂದು ಊದಿದೆ ಅಂದ್ರೆ ಇಡೀ ಸಾಲು ಬದಲಾಯಿಸಿ. ಐವತ್ತು ನೂರು ರೂಪಾಯಿ ಉಳಿಸಕ್ಕೆ ಹೋಗ್ಬೇಡಿ.

ಚಿಕ್ಕಪ್ಪ ಆ ಎರಡನ್ನ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ್ರು. "ಇದು ಚೆನ್ನಾಗೇ ಇದೆಯಲ್ಲೋ" ಅಂದ್ರು. ಟೆಸ್ಟರಿಗೆ ಹಾಕಿ ತೋರಿಸ್ದೆ, ಪಕ್ಕದಲ್ಲೇ ಹೊಸದೊಂದನ್ನ ಹಾಕಿ ತೋರಿಸ್ದೆ. ಸುಮ್ನೆ ತಲೆ ಆಡಿಸಿ, ಲಾಕನ್ನ ಪ್ರಿಂಟರ್ ಪೋರ್ಟಿಗೆ ತಾವೇ ಸಿಕ್ಕಿಸಿ, ಎರಡೂ ಸ್ಕ್ರೂ ಬಿಗಿ ಮಾಡಿ, ಬಾಕಿ ಇದ್ದ ಒಂದು ಗೃಹಪ್ರವೇಶದ ಕಾರ್ಡು ತೆಗೆದು ಕೆಲಸಕ್ಕೆ ಕೂತ್ರು.

ಇದಾಗಿ ಎರಡು ತಿಂಗಳು. ಸಂಕ್ರಾಂತಿ ಹಿಂದಿನ ದಿನ ಬೆಳಿಗ್ಗೆ ಏಳು ಗಂಟೆಗೆ ಫೋನು, "ಇವತ್ತು ಎಂಥಾ ಚಳಿ ಅಂತೀಯ, ಒಂದೇ ಸಲಕ್ಕೆ ಎದ್ತು ಕಣೋ." ಆಮೇಲೆ, ಪಕ್ಕದ ಸ್ಟುಡಿಯೋದವರ ಹಳೇ ಕಂಪ್ಯೂಟರೂ ಹಿಂಗೇ ಮಾಡ್ತಿದೆಯಂತೆ, ನೋಡ್ತೀಯಾ ಅಂತ ಕೇಳಿದ್ರು. ಬೋರ್ಡಿನ ಫೋಟೋ ಕಳ್ಸಕ್ಕೆ ಹೇಳಿ, ಮೇಲಿಂದ ಒಂದು, ಕಣ್ಣಿನ ಮಟ್ಟದಲ್ಲಿ ಅಡ್ಡಡ್ಡ ಒಂದು ಅಂದೆ.